ರಾಜ್ಯ ಕಳೆದವರು ಯಾರು?: ‘ಚಿಕವೀರ ರಾಜೇಂದ್ರ’ ಒಂದು ವಿವೇಚನೆ

ಶ್ರೀ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ 1956ರಲ್ಲಿ ಪ್ರಕಟವಾದ ಐತಿಹಾಸಿಕ ಕಾದಂಬರಿ. ಕೊಡಗನ್ನಾಳಿದ ವೀರಶೈವ ಹಾಲೇರಿ ಮನೆತನದ ಕಡೆಯ ಅರಸನ ಪತನವೇ ಇದರ ವಸ್ತು. 1820ರಲ್ಲಿ ಪಟ್ಟವೇರಿದ ಈತನನ್ನು 1834ರಲ್ಲಿ ಇಂಗ್ಲಿಷ್ ಕಂಪನಿಯು ಪದಚ್ಯುತಗೊಳಿಸಿ ರಾಜ್ಯವನ್ನು ವಶಪಡಿಸಿಕೊಂಡಿತು. ಲಿಂಗಧಾರಿಯಾದ ದೊರೆಯನ್ನು ಇಷ್ಟು ಕ್ರೂರಿಯನ್ನಾಗಿ ಚಿತ್ರಿಸುವುದು ಉಚಿತವೇ ಎಂಬ ಶಂಕೆ ಭಕ್ತ ವಾಚಕರಲ್ಲಿ ಮೂಡಬಹುದು. ಕೃತಿಯನ್ನು ಸಮಗ್ರವಾಗಿ ಪರಿಶೀಲಿಸಿದಲ್ಲದೆ ಅದಕ್ಕೆ ಉತ್ತರ ದೊರೆಯದು.

ಮಡಿಕೇರಿಯ ಅರಮನೆಯಲ್ಲಿ ಒಳಸಂಚಿನ ಮೂಲವಿರುವುದು ಭಯದಲ್ಲಿ. ಭಾವ ಚೆನ್ನಬಸವಯ್ಯನ ಕಣ್ಣು ಸಿಂಹಾಸನದ ಮೇಲಿದೆಯೆಂದು ಶಂಕಿಸಿ ಅರಸನು ತಂಗಿ ದೇವಮ್ಮಾಜಿಯನ್ನು ಸೆರೆಯಲ್ಲಿಡುತ್ತಾನೆ. ಆ ಶಂಕೆಯೇ ಶತ್ರುತ್ವವನ್ನು ಬೆಳೆಸುತ್ತದೆ. ಅವಮಾನಿತನಾದ ಭಾವನು ಇಂಗ್ಲಿಷರ ಆಶ್ರಯವನ್ನರಸುತ್ತಾನೆ. ಆತನ ಹಸುಗೂಸು ಅರಸನ ಕ್ರೌರ್ಯಕ್ಕೆ ಬಲಿಯಾಗುತ್ತದೆ. ಊಳಿಗದಿಂದ ಮಂತ್ರಿಪದವಿಗೇರಿದ ಕುಂಟ ಬಸವನು ಒಡೆಯನ ದುರ್ವ್ಯಸನಗಳಿಗೆ ಒದಗುತ್ತ ಬಲಿಷ್ಠನಾಗುತ್ತಾನೆ. ಅವನೂ ಲಿಂಗರಾಜನ ಮಗನೇ ಎಂಬ ಸಂಗತಿ ಕಡೆಗೆ ಬಯಲಾದಾಗ, ತಂದೆಯ ಗುಪ್ತಪಾಪವೇ ಮಕ್ಕಳ ವಿನಾಶಕ್ಕೆ ಬೀಜವಾಗಿದ್ದುದು ಸ್ಪಷ್ಟವಾಗುತ್ತದೆ.

ಆದರೆ ಮಾಸ್ತಿಯವರು ಸಕಲ ದೋಷವನ್ನೂ ಇವರಿಬ್ಬರ ಮೇಲೆಯೇ ಹೊರಿಸುವುದಿಲ್ಲ. ಸಜ್ಜನನಾದ ಮಂತ್ರಿ ಲಕ್ಷ್ಮೀನಾರಾಯಣಯ್ಯನು ಅನ್ಯಾಯವನ್ನು ಬಲ್ಲನಾದರೂ ತಾಳ್ಮೆಯನ್ನೇ ಉಪದೇಶಿಸುತ್ತಾನೆ. ಬೋಪಣ್ಣನು ತಾಳಲಾರದೆ ದೊರೆಗೆ ವಿಮುಖನಾಗುತ್ತಾನೆ. ಕೇಡಿಗನನ್ನು ಹೊರಹಾಕಲು ತೆರೆದ ಬಾಗಿಲಿನಿಂದಲೇ ಪರಕೀಯರು ಒಳಬರುತ್ತಾರೆ. ಸಕಾಲದಲ್ಲಿ ಆಡದ ಮಾತು, ಅಕಾಲದಲ್ಲಿ ಎಸಗಿದ ಕಾರ್ಯ ಇವೆರಡೂ ಸೇರಿ ರಾಜ್ಯ ನಷ್ಟವಾಗುತ್ತದೆ. ಈ ನೈತಿಕ ಸೂಕ್ಷ್ಮತೆಯೇ ಕಾದಂಬರಿಯ ಜೀವಾಳ.

ಇವರೆಲ್ಲರ ನಡುವೆ ಸ್ವಾರ್ಥವಿಲ್ಲದವಳು ರಾಣಿ ಗೌರಮ್ಮನೊಬ್ಬಳೇ. ಪತಿಯ ತಪ್ಪನ್ನು ಒಪ್ಪದೆ, ಆತನನ್ನು ಬಿಟ್ಟೂ ಕೊಡದೆ ನಡೆಯುವ ಈಕೆಯ ಪಾತ್ರ ಕನ್ನಡ ಕಾದಂಬರಿಯ ಶ್ರೇಷ್ಠ ಸೃಷ್ಟಿಗಳಲ್ಲೊಂದು. ಸಮಾಲೋಚನೆಯ ಸನ್ನಿವೇಶಗಳು ಅಲ್ಲಲ್ಲಿ ದೀರ್ಘವಾಗಿ ಕಥೆಯ ಗತಿಯನ್ನು ತಡೆಯುವುದುಂಟು. ಆದರೂ ಒಳಸಂಚು ಬೆಳೆಯುವುದು ಪಿಸುಮಾತಿನಲ್ಲೇ ಆದುದರಿಂದ ಈ ವಿಧಾನ ವಸ್ತುವಿಗೆ ಸಹಜವಾಗಿಯೇ ಇದೆ.

ಇತಿಹಾಸದ ಅರಸನು ಮೊದಲು ಕಾಶಿಯಲ್ಲಿದ್ದು, 1852ರಲ್ಲಿ ಇಂಗ್ಲೆಂಡಿಗೆ ತೆರಳಿ, 1859ರಲ್ಲಿ ಲಂಡನ್ನಿನಲ್ಲಿ ಮಡಿದನು. ಮೇಲೆ ಹೇಳಿದ ಶಂಕೆಗೆ ಉತ್ತರವು ಶರಣರ ವಿಚಾರದಲ್ಲೇ ಇದೆ. ಅವರು ಮನುಷ್ಯನನ್ನು ಅಳೆದುದು ಹುಟ್ಟಿನಿಂದಲ್ಲ, ಲಾಂಛನದಿಂದಲೂ ಅಲ್ಲ, ನಡೆಯಿಂದ. ಆ ಅಳತೆಗೋಲನ್ನು ಅರಸನಿಗೂ ಹಿಡಿದ ಕೃತಿಯು ಸಮಾಜಕ್ಕೆ ಅಗೌರವ ತರುವುದಿಲ್ಲ. ಅದು ಅಧಿಕಾರದಲ್ಲಿರುವವರಿಗೂ ಅವರ ಸುತ್ತ ಮೌನವಾಗಿರುವವರಿಗೂ ಸಮಾನವಾದ ಎಚ್ಚರಿಕೆಯಾಗಿದೆ.