ಮುದ್ದಣನ ಅಳುಕು

‘ನಾನು ನಿಜವಾಗಿಯೂ ಬರೆಯಬಲ್ಲೆನೆ?’ ಲೇಖನಿ ಹಿಡಿದವರಲ್ಲಿ ಈ ಪ್ರಶ್ನೆ ಒಮ್ಮೆಯೂ ಏಳದವರು ವಿರಳ. ಆದರೆ ನಮ್ಮ ಹಳೆಯ ಕವಿಗಳನ್ನು ಓದುವಾಗ ಅವರಿಗೆ ಈ ಬೇನೆ ತಗುಲಿಯೇ ಇರಲಿಲ್ಲವೇನೋ ಎನಿಸುತ್ತದೆ. ತನ್ನ ಕೃತಿಯನ್ನು ಒರೆಗೆ ಹಚ್ಚುವ ಎದೆಗಾರಿಕೆ ಯಾರಿಗಿದೆ ಎಂದು ರನ್ನ ಸವಾಲು ಹಾಕುತ್ತಾನೆ. ಕರಡು ಬರೆದು ತಿದ್ದುವ ಗೋಜೇ ತನಗಿಲ್ಲವೆಂದು ಕುಮಾರವ್ಯಾಸ ಬೀಗುತ್ತಾನೆ. ಇವರೆಲ್ಲ ಆಗಿಹೋದ ಎಷ್ಟೋ ಕಾಲದ ಮೇಲೆ, ಸಂದೇಹವನ್ನು ಮನೆಯೊಳಕ್ಕೆ ಕರೆದು ಎದುರಿಗೆ ಕೂರಿಸಿಕೊಂಡು ಕಥೆ ಹೇಳಿದವನೊಬ್ಬ ಬಂದ. ಅವನೇ ಮುದ್ದಣ.

ನಂದಳಿಕೆಯ ಲಕ್ಷ್ಮೀನಾರಣಪ್ಪ 1870ರಲ್ಲಿ ಹುಟ್ಟಿ, 1901ರಲ್ಲಿ ಕ್ಷಯದಿಂದ ತೀರಿಕೊಂಡವನು. ಬದುಕಿದ್ದು 31 ವರ್ಷ. ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ಉಪಾಧ್ಯಾಯನಾಗಿದ್ದ. ಹುಡುಗರಿಗೆ ವ್ಯಾಯಾಮ ಕಲಿಸುವುದು ಅವನ ಕೆಲಸವಾಗಿತ್ತು. ಅವನು ‘ಅದ್ಭುತ ರಾಮಾಯಣ’ವನ್ನು ಬರೆದು ಮೈಸೂರಿನ ವಿದ್ವಾಂಸರಿಗೆ ಕಳುಹಿಸಿದಾಗ, ತನ್ನದೆಂದು ಹೇಳಿಕೊಳ್ಳಲಿಲ್ಲ, ಯಾರೋ ಹಳಬನ ಕೃತಿಯೆಂಬಂತೆ ಕಳುಹಿಸಿದ. ‘ಶ್ರೀರಾಮಾಶ್ವಮೇಧ’ವೂ ಅವನ ಸ್ವಂತ ಹೆಸರಿನಲ್ಲಿ ಹೊರಬರಲಿಲ್ಲ. ಕವಿ ಯಾರೆಂಬುದು ನಾಡಿಗೆ ಚೆನ್ನಾಗಿ ತಿಳಿಯುವ ಹೊತ್ತಿಗೆ ಅವನು ಇರಲಿಲ್ಲ.

ಇದನ್ನು ವಿನಯವೆಂದು ಕೊಂಡಾಡುವ ವಾಡಿಕೆ ನಮ್ಮಲ್ಲುಂಟು. ನನಗೆ ಅಷ್ಟು ಸುಲಭವಾಗಿ ಒಪ್ಪಿಗೆಯಾಗದು. ತನ್ನ ಬರಹವನ್ನು ಹಳೆಯ ಕವಿಯ ಬರಹವೆಂದು ನಂಬಿಸಲು ಹೊರಡುವವನಿಗೆ ತನ್ನ ಕೈಯ ಮೇಲೆ ಎಷ್ಟು ಭರವಸೆ ಇರಬೇಕು! ಪಂಡಿತರ ಕಣ್ಣಿಗೇ ಮಣ್ಣೆರಚುವ ಧೈರ್ಯವದು. ಹೀಗೆ ಬರವಣಿಗೆಯಲ್ಲಿ ನೆಚ್ಚಿಕೆ ಇದ್ದವನಿಗೆ, ಹಳ್ಳಿಯಿಂದ ಬಂದ ಡ್ರಿಲ್ ಮಾಸ್ತರನ ಹೆಸರನ್ನು ಲೋಕ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಎಂಬಲ್ಲಿ ಮಾತ್ರ ಅಳುಕು. ಇದು ನನ್ನ ಊಹೆ. ಊಹೆ ಸರಿಯಾದರೆ, ಆ ಅಳುಕಿನಿಂದ ಕಾವ್ಯಕ್ಕೆ ಬಂದ ಲಾಭ ಸೊನ್ನೆ. ಬರೆದವನಿಗೆ ಸಲ್ಲಬೇಕಾದ ಮನ್ನಣೆ ತಪ್ಪಿತು, ಅಷ್ಟೆ.

ಆದರೆ ಅವನಲ್ಲಿ ಇನ್ನೊಂದು ಸಂದೇಹವೂ ಇತ್ತು. ಅದಕ್ಕೆ ಅವನು ಮನೋರಮೆ ಎಂದು ಹೆಸರಿಟ್ಟ. ‘ರಾಮಾಶ್ವಮೇಧ’ದ ಮೊದಲಲ್ಲಿ, ಮಳೆಗಾಲದ ಒಂದು ದಿನ, ಮಡದಿ ಕಥೆ ಕೇಳಬೇಕೆನ್ನುತ್ತಾಳೆ. ಪದ್ಯದಲ್ಲಿ ಹೇಳಲೋ ಗದ್ಯದಲ್ಲೋ ಎಂದರೆ, ಪದ್ಯದ ಗೊಡವೆಯೇ ಬೇಡವೆನ್ನುತ್ತಾಳೆ. ಸರಿ, ಗಂಡ ಗಂಟಲು ಸರಿಪಡಿಸಿಕೊಂಡು ಸಂಸ್ಕೃತ ಸಮಾಸಗಳ ಮೆರವಣಿಗೆ ಹೊರಡಿಸುತ್ತಾನೆ. ಒಂದು ವಾಕ್ಯ ಮುಗಿಯುವುದರೊಳಗೆ ಅವಳು ತಡೆಯುತ್ತಾಳೆ: ಇದು ತನಗೆ ತಿಳಿಯದು, ಕನ್ನಡದಲ್ಲಿ ಹೇಳು! ಅವನು ಹಾದಿ ಬದಲಿಸುತ್ತಾನೆ.

ಇಲ್ಲಿ ನಗುವವರು ನಗಲಿ, ಸರಸ ಚೆನ್ನಾಗಿಯೇ ಇದೆ. ಆದರೆ ಇದು ಗಂಡಹೆಂಡಿರ ಸರಸವಷ್ಟೇ ಅಲ್ಲವೆಂದು ನನ್ನ ಮತ. ಹೆಂಡತಿಯ ಮಾತನ್ನು ಬರೆದವನೂ ಅವನೇ ತಾನೆ? ಷಟ್ಪದಿಯಲ್ಲಿ ‘ಶ್ರೀರಾಮಪಟ್ಟಾಭಿಷೇಕ’ವನ್ನು ರಚಿಸಿದ ಕೈಯೇ ಇಲ್ಲಿ ಪದ್ಯವನ್ನು ಹಳಿಯುತ್ತಿದೆ, ಹಳಗನ್ನಡವನ್ನು ಅರಗಿಸಿಕೊಂಡ ಪಂಡಿತನೇ ಪಾಂಡಿತ್ಯವನ್ನು ಗೇಲಿ ಮಾಡುತ್ತಿದ್ದಾನೆ. ಕವಿಯ ಪತ್ನಿ ಕಮಲೆಯೇ ಮನೋರಮೆ ಎನ್ನುವವರುಂಟು. ಇರಬಹುದು. ಆದರೆ ಪುಟದ ಮೇಲೆ ನಮಗೆ ಕೇಳುವ ದನಿ ಬರೆಯುವವನ ಒಳಗಿನ ದನಿ.

ಈ ದನಿಯ ಒಂದು ಗುಣವನ್ನು ಗಮನಿಸಬೇಕು. ‘ನೀನು ಕವಿಯೇ?’ ಎಂದು ಅವಳು ಒರೆಹಚ್ಚುವುದಿಲ್ಲ. ಈ ವಾಕ್ಯ ನನಗೆ ತಲುಪಲಿಲ್ಲ ಎನ್ನುತ್ತಾಳೆ. ಮೊದಲನೆಯ ಪ್ರಶ್ನೆಗೆ ಯಾವ ಬರಹಗಾರನಲ್ಲೂ ಉತ್ತರವಿಲ್ಲ; ಅದನ್ನೇ ಕೇಳಿಕೊಂಡು ಕೂತವನ ಹಾಳೆ ಬಿಳಿಯಾಗಿಯೇ ಉಳಿಯುತ್ತದೆ. (ನನ್ನವೂ ಕೆಲವು ಹಾಗೆ ಉಳಿದಿವೆ.) ಎರಡನೆಯದಕ್ಕೆ ಉತ್ತರವುಂಟು: ಇನ್ನೊಂದು ವಾಕ್ಯ ಬರೆಯುವುದು. ಬರೆಯಲಾರೆನೆಂಬ ಭಯ ಹಿಡಿದ ಗೆಳೆಯರಿಗೆ, ಧೈರ್ಯ ತುಂಬುವ ಪುಸ್ತಕಗಳನ್ನು ಬಿಟ್ಟು, ನಾನು ಈ ಪುಟಗಳನ್ನು ತೋರಿಸುವುದು ಇದಕ್ಕೇ.

ಇದಕ್ಕೆ ಪುರಾವೆ ಗ್ರಂಥದಲ್ಲಿಯೇ ಇದೆ. ಯಜ್ಞದ ಕುದುರೆ ದೇಶದೇಶ ಸುತ್ತಿ, ಅರಸರು ಅದನ್ನು ಕಟ್ಟಿ, ಯುದ್ಧದ ಮೇಲೆ ಯುದ್ಧ ನಡೆಯುವಲ್ಲಿ, ಮನೋರಮೆ ಬಹಳ ಹೊತ್ತು ಬಾಯಿ ತೆರೆಯದಿದ್ದರೆ ವರ್ಣನೆ ಹಳೆಯ ಜಾಡಿಗೆ ಬೀಳುತ್ತದೆ, ಓದುಗನಿಗೆ ಆಕಳಿಕೆ ಬರುತ್ತದೆ. ಅವಳು ಒಂದು ಕೊಂಕು ನುಡಿದಳೋ, ಗದ್ಯ ತಟ್ಟನೆ ಎಚ್ಚೆತ್ತು ಚುರುಕಾಗುತ್ತದೆ. ಅವಳನ್ನು ಬರಿಯ ಚೌಕಟ್ಟು, ಒಡವೆ ಎಂದು ಬದಿಗಿಡುವ ವಿಮರ್ಶಕರು ಈ ಏರಿಳಿತವನ್ನು ಕಿವಿಗೊಟ್ಟು ಕೇಳಿಲ್ಲವೆಂದೇ ಹೇಳಬೇಕು.

ನಮ್ಮಲ್ಲಿ ಅನೇಕರಿಗೆ ಮುದ್ದಣ ಪರಿಚಯವಾದದ್ದು ಶಾಲೆಯ ಪಠ್ಯದಲ್ಲಿ. ಅಲ್ಲಿ ಆ ಸಲ್ಲಾಪವನ್ನಷ್ಟೇ ಕತ್ತರಿಸಿ ಕೊಟ್ಟು, ಕಥೆ ಶುರುವಾಗುವಲ್ಲಿ ಪಾಠ ಮುಗಿಸುತ್ತಾರೆ. ಹೀಗಾಗಿ ಅವಳ ಆಕ್ಷೇಪಣೆ ಮಾತ್ರ ನೆನಪಿದೆ, ಅದರಿಂದ ಆದದ್ದೇನು ಎಂಬುದು ಕಾಣದು. ಪುಸ್ತಕ ಕೈಗೆ ಸಿಕ್ಕಿದವರು ಒಂದೆರಡು ಪುಟ ಮುಂದೆ ಹೋಗಿ, ಗದರಿಸಿಕೊಂಡ ಮೇಲೆ ಅವನು ಹೇಳಿದ ಮೊದಲ ಕೆಲವು ವಾಕ್ಯಗಳನ್ನು ಗಟ್ಟಿಯಾಗಿ ಓದಿ ನೋಡಬೇಕು.