ಲೋಕ ಕಟ್ಟುವ ಕೈಪಿಡಿಗಳು

ಮುಖಪುಟದಲ್ಲಿ ರಿವೆಟ್ಟುಗಳಿದ್ದರೆ ಸೈನ್ಸ್ ಫಿಕ್ಷನ್, ಮರಗಳಿದ್ದರೆ ಫ್ಯಾಂಟಸಿ. ಆರ್ಸನ್ ಸ್ಕಾಟ್ ಕಾರ್ಡ್‌ನ ಹೆಸರಿನಲ್ಲಿ ಓಡಾಡುವ ಈ ಲಕ್ಷಣ ತಮಾಷೆಯದಾದರೂ ವರ್ಷಗಟ್ಟಲೆ ನಡೆದ ವ್ಯಾಖ್ಯೆಯ ಜಗಳಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವನ 'ಹೌ ಟು ರೈಟ್ ಸೈನ್ಸ್ ಫಿಕ್ಷನ್ ಅಂಡ್ ಫ್ಯಾಂಟಸಿ' ಬಂದದ್ದು 1990ರಲ್ಲಿ. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಸಿಕ್ಕಿತು. 'ಎಂಡರ್ಸ್ ಗೇಮ್' ಮತ್ತು ಅದರ ಮುಂದಿನ ಕಾದಂಬರಿಗೆ ಸಾಲಾಗಿ ಎರಡು ವರ್ಷ ಹ್ಯೂಗೋ ಪಡೆದಿದ್ದವನ ಮಾತಿಗೆ ಆಗ ತೂಕವಿತ್ತು. ಈ ಬಗೆಯ ಕಥೆ ಬರೆಯಹೊರಟ ಹೊಸಬರಿಗೆ ಯಾರನ್ನು ಕೇಳಿದರೂ ಮೊದಲು ಸೂಚಿಸುವ ಪುಸ್ತಕಗಳ ಸಾಲಿನಲ್ಲಿ ಇದು ಇವತ್ತಿಗೂ ಇದೆ.

ಐದು ಅಧ್ಯಾಯಗಳ ಸಣ್ಣ ಪುಸ್ತಕ. ಕೊನೆಯದನ್ನು, ಅಂದರೆ ಬರಹಗಾರನ ಬದುಕು ಮತ್ತು ವ್ಯವಹಾರದ ಅಧ್ಯಾಯವನ್ನು, ಈಗ ಯಾರೂ ಓದಬೇಕಾಗಿಲ್ಲ. ಅದು ಹೇಳುವ ಅಮೆರಿಕದ ಪತ್ರಿಕಾ ಮಾರುಕಟ್ಟೆ ಹಾಗೆ ಉಳಿದಿಲ್ಲ. ಹೆಚ್ಚು ಪ್ರಚಾರ ಪಡೆದದ್ದು ಕಥೆಗಳನ್ನು ನಾಲ್ಕಾಗಿ ವಿಂಗಡಿಸುವ 'ಮೈಸ್' ಸೂತ್ರ: ಪರಿಸರದ ಕಥೆ, ವಿಚಾರದ ಕಥೆ, ಪಾತ್ರದ ಕಥೆ, ಘಟನೆಯ ಕಥೆ. ಪರದೇಶಿಯೊಬ್ಬ ಹೊಸ ಲೋಕಕ್ಕೆ ಕಾಲಿಟ್ಟಾಗ ಶುರುವಾದ ಕಥೆ ಅವನು ಅಲ್ಲಿಂದ ಹೊರಟಾಗ ಮುಗಿಯಬೇಕು, ಪ್ರಶ್ನೆಯಿಂದ ಶುರುವಾದದ್ದು ಉತ್ತರ ಸಿಕ್ಕಾಗ ಮುಗಿಯಬೇಕು, ಹೀಗೆ. ಬರೆದು ಅರ್ಧಕ್ಕೆ ನಿಂತ ಕಥೆ ಎಲ್ಲಿ ಕೆಟ್ಟಿದೆ ಎಂದು ಪತ್ತೆಹಚ್ಚಲು ಇದು ಒಳ್ಳೆಯ ಸಾಧನ. ಬರೆಯುವ ಮೊದಲೇ ಇದನ್ನು ಮುಂದಿಟ್ಟುಕೊಂಡು ಕೂತವರ ಕಥೆಗಳು ಮಾತ್ರ ಸರ್ಕಾರಿ ಅರ್ಜಿ ನಮೂನೆಯಂತಿರುತ್ತವೆ, ಎಲ್ಲ ಕಲಮುಗಳೂ ಭರ್ತಿ, ಅರ್ಜಿದಾರನೇ ಕಾಣುವುದಿಲ್ಲ.

ಆದರೆ ನಾಲ್ಕನೆಯ ಅಧ್ಯಾಯದಲ್ಲಿ ಕಾರ್ಡ್ ಸೂತ್ರಗಳನ್ನು ಪಕ್ಕಕ್ಕಿಟ್ಟು ಆಕ್ಟೇವಿಯಾ ಬಟ್ಲರ್‌ಳ 'ವೈಲ್ಡ್ ಸೀಡ್' ಕಾದಂಬರಿಯ ಆರಂಭವನ್ನು ಸಾಲುಸಾಲಾಗಿ ಬಿಡಿಸುತ್ತಾನೆ. ಈ ಕೆಲವು ಪುಟಗಳಿಗಾಗಿಯೇ ಪುಸ್ತಕವನ್ನು ಕೊಳ್ಳಬಹುದು. ಬಟ್ಲರ್ ಮೊದಲ ವಾಕ್ಯದಲ್ಲೇ ಒಬ್ಬ ವಿಚಿತ್ರ ಹೆಸರಿನವನನ್ನೂ, ಅವನಿಗೆ ಸೇರಿದ ಒಂದು 'ಬೀಜ'ದ ಹಳ್ಳಿಯನ್ನೂ ತರುತ್ತಾಳೆ, ಏನನ್ನೂ ವಿವರಿಸುವುದಿಲ್ಲ. ಓದುಗ ಆ ಪದವನ್ನು ಬಾಯಲ್ಲಿಟ್ಟುಕೊಂಡು ಮುಂದೆ ಹೋಗುತ್ತಾನೆ. ಅರ್ಥ ಮುಂದೆ ಸಿಕ್ಕೀತೆಂಬ ನಂಬಿಕೆ ಅವನದು. ಈ ಬಗೆಯ ಕಥೆಯ ಓದೆಂದರೆ ಹೀಗೆ ಅರ್ಥವನ್ನು ತಡೆಹಿಡಿದು ಕಾಯುವ ಓದು, ಆ ತಾಳ್ಮೆಯನ್ನು ಎಷ್ಟು ಹೊತ್ತು ಪರೀಕ್ಷಿಸಬಹುದು, ಎಲ್ಲಿ ಅದಕ್ಕೆ ತುತ್ತು ಹಾಕಬೇಕು ಎಂಬುದೇ ಕಸುಬು ಎಂದು ಕಾರ್ಡ್ ತೋರಿಸುತ್ತಾನೆ. ಲೋಕ ಕಟ್ಟುವ ಬಗ್ಗೆ ಇಡೀ ಅಧ್ಯಾಯ ಬರೆದವನು ಅತ್ಯುತ್ತಮವಾದದ್ದನ್ನು ಹೇಳಿದ್ದು ಒಂದು ವಾಕ್ಯ ಕಟ್ಟುವ ಬಗ್ಗೆ. ಈ ಜಾತಿಯ ಕೈಪಿಡಿಗಳನ್ನೆಲ್ಲ ಓದಿದಾಗ ನನಗೆ ಕಾಣುವುದೂ ಇದೇ. ಗ್ರಹದ ಮಟ್ಟದಲ್ಲಿ ಅವು ಕೊಡುವ ಸಲಹೆ ಸಾಧಾರಣ. ವಾಕ್ಯದ ಮಟ್ಟಕ್ಕೆ ಇಳಿದಾಗ ಅವು ಅಮೂಲ್ಯ.

ವಾಕ್ಯದ ಮಟ್ಟದ ಈ ಕಸುಬಿಗೆ ಒಂದು ಉದಾಹರಣೆ: ರಾಬರ್ಟ್ ಹೈನ್‌ಲೈನ್ 1942ರ ಒಂದು ಕಾದಂಬರಿಯಲ್ಲಿ ಬಾಗಿಲು ತೆರೆಯಿತು ಎನ್ನುವ ಬದಲು ಅದು ಕಣ್ಣಿನ ಪಾಪೆಯಂತೆ ಹಿಗ್ಗಿತು ಎಂಬ ಅರ್ಥದ ಕ್ರಿಯಾಪದ ಬಳಸಿ ಸುಮ್ಮನಾದ. ಆ ಬಾಗಿಲನ್ನು ಯಾರು ಮಾಡಿದರು, ಹೇಗೆ ಕೆಲಸ ಮಾಡುತ್ತದೆ, ಒಂದು ಮಾತಿಲ್ಲ. ಸ್ಯಾಮ್ಯುಯೆಲ್ ಡಿಲೇನಿ ಇಂಥ ವಾಕ್ಯಗಳನ್ನು ಹಿಡಿದುಕೊಂಡು ಇಡೀ ಪ್ರಕಾರದ ಓದಿನ ಸಿದ್ಧಾಂತವನ್ನೇ ಕಟ್ಟಿದ. ಅವನು ಎತ್ತಿದ ಇನ್ನೊಂದು ಮಾತು ಬರೆಯುವವರಿಗೆ ದಿನವೂ ಬೇಕಾದದ್ದು: ಉಳಿದ ಸಾಹಿತ್ಯದಲ್ಲಿ ರೂಪಕವಾಗುವುದು ಇಲ್ಲಿ ಅಕ್ಷರಶಃ ನಿಜವಾಗಿಬಿಡಬಹುದು. ಅವಳ ಜಗತ್ತು ಸಿಡಿಯಿತು ಎಂದರೆ ಗ್ರಹವೇ ಸಿಡಿದಿರಬಹುದು. ಕನ್ನಡದಲ್ಲಿ ಈ ಅಪಾಯ ಇನ್ನೂ ದೊಡ್ಡದು. ನಮ್ಮ ನುಡಿಗಟ್ಟುಗಳ ತುಂಬ ಅಂಗಾಂಗಗಳೇ ಉದುರಾಡುತ್ತವೆ. ರೋಬಾಟಿನ ಕಥೆಯಲ್ಲಿ 'ಅವನ ಕಣ್ಣು ಅವಳ ಮೇಲೆ ಬಿತ್ತು' ಎಂದು ಬರೆದು ನೋಡಿ. ಮಾಂತ್ರಿಕರ ಕಥೆಯಲ್ಲಿ ಯಾರದೋ ಹೊಟ್ಟೆಗೆ ಬೆಂಕಿ ಬಿದ್ದರೆ ನೀರು ತರಬೇಕೋ ಸಮಾಧಾನ ಹೇಳಬೇಕೋ ತಿಳಿಯುವುದಿಲ್ಲ.

ವಿವರಿಸದೆ ಲೋಕವನ್ನು ಕಾಣಿಸುವ ಈ ವಿದ್ಯೆ ಕನ್ನಡದಲ್ಲಿ ನಡೆಯುವುದೇ ಎಂದರೆ, ಧಾರಾಳವಾಗಿ. 'ಎರಡನೆಯ ಸೂರ್ಯ ಮುಳುಗುವುದರೊಳಗೆ ಅಜ್ಜಿ ಹಪ್ಪಳ ಎತ್ತಿಟ್ಟಳು.' ಈ ವಾಕ್ಯದಲ್ಲಿ ಇಬ್ಬರು ಸೂರ್ಯರ ಬಗ್ಗೆ ಅಜ್ಜಿಗೆ ಯಾವ ಆಶ್ಚರ್ಯವೂ ಇಲ್ಲ. ಅವಳಿಗೆ ಚಿಂತೆ ಹಪ್ಪಳದ್ದು. ಓದುಗನಿಗೆ ಆ ಲೋಕದಲ್ಲಿ ನಂಬಿಕೆ ಹುಟ್ಟುವುದು ಅವಳ ಈ ಉದಾಸೀನದಿಂದಲೇ. ಇದರ ಬದಲು ಮೊಮ್ಮಗ 'ಅಜ್ಜಿ, ನಮ್ಮ ಗ್ರಹಕ್ಕೆ ಎರಡು ಸೂರ್ಯ ಯಾಕೆ?' ಎಂದು ಕೇಳಿ, ಅಜ್ಜಿ ಜೋಡಿ ನಕ್ಷತ್ರಗಳ ಬಗ್ಗೆ ಅರ್ಧ ಪುಟ ಉತ್ತರ ಕೊಟ್ಟರೆ ಕಥೆ ಅಲ್ಲೇ ಮುಗಿದುಹೋಯಿತು. ಅಮೆರಿಕದ ಬರಹ ಕಮ್ಮಟಗಳಲ್ಲಿ ಹುಟ್ಟಿದ 'ಟರ್ಕಿ ಸಿಟಿ ಲೆಕ್ಸಿಕನ್' ಎಂಬ ದೋಷಪಟ್ಟಿಯಲ್ಲಿ ಈ ರೋಗಕ್ಕೊಂದು ಹೆಸರೇ ಇದೆ. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಪಾತ್ರಗಳ ರೋಗ. ಕನ್ನಡದ ವಿಜ್ಞಾನ ಕಥೆ ರಾಜಶೇಖರ ಭೂಸನೂರಮಠರಂಥವರ ಕೈಯಲ್ಲಿ ಬೆಳೆದದ್ದು ನಿಜ. ಆದರೂ ಜನಪ್ರಿಯ ವಿಜ್ಞಾನ ಲೇಖನದ ನೆರೆಮನೆಯಲ್ಲೇ ಬಹುಕಾಲ ಇದ್ದುದರಿಂದ, ಪ್ರೊಫೆಸರ್ ಮಾವ ಮತ್ತು ಕುತೂಹಲದ ಅಳಿಯನ ಸಂಭಾಷಣೆ ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಮಾವನಿಗೆ ನಿವೃತ್ತಿ ಕೊಡಲು ಈ ಕೈಪಿಡಿಗಳು ಸಹಾಯ ಮಾಡಿದರೆ ಅಷ್ಟರಮಟ್ಟಿಗೆ ಅವು ಸಾರ್ಥಕ.

ಬರೆಯುವುದನ್ನು ಪುಸ್ತಕದಿಂದ ಕಲಿಯುವುದೇ ಎಂದು ಮೂಗು ಮುರಿಯುವವರು ನಮ್ಮಲ್ಲಿದ್ದಾರೆ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥವೇ ಕವಿಗಳಿಗೆ ದಾರಿ ತೋರಿಸಹೊರಟ 'ಕವಿರಾಜಮಾರ್ಗ' ಎಂಬುದನ್ನು ಅವರು ಮರೆಯುತ್ತಾರೆ. ಸಂಸ್ಕೃತದಲ್ಲಿ ರಾಜಶೇಖರನ 'ಕಾವ್ಯಮೀಮಾಂಸೆ'ಯಂತೂ ಕಾರ್ಡ್‌ನ ಪುಸ್ತಕಕ್ಕೆ ಸಾವಿರ ವರ್ಷ ಹಿಂದಿನ ಅಣ್ಣ. ಕವಿಯ ಮನೆ ಹೇಗಿರಬೇಕು, ದಿನದ ಯಾವ ಹೊತ್ತಿನಲ್ಲಿ ಏನು ಮಾಡಬೇಕು, ಪಕ್ಕದಲ್ಲಿ ಯಾವ ಬರಹದ ಸಾಮಗ್ರಿ ಇರಬೇಕು, ಬೇರೆಯವರ ಪದವನ್ನೂ ಅರ್ಥವನ್ನೂ ಎಷ್ಟು ಕದ್ದರೆ ತಪ್ಪಿಲ್ಲ, ಎಲ್ಲವೂ ಅದರಲ್ಲಿದೆ. ದೇಶವಿಭಾಗ, ಕಾಲವಿಭಾಗ ಎಂದು ಭೂಗೋಳಕ್ಕೂ ಋತುಗಳಿಗೂ ಪ್ರತ್ಯೇಕ ಅಧ್ಯಾಯಗಳಿವೆ. ಅಲ್ಲಿರುವ ಕವಿಸಮಯದ, ಅಂದರೆ ಕವಿಗಳು ರೂಢಿಯಿಂದ ಒಪ್ಪಿಕೊಂಡು ಬಂದ ಕಲ್ಪನೆಗಳ, ಪಟ್ಟಿಯನ್ನು ಓದಿದರೆ ಫ್ಯಾಂಟಸಿ ಕಾದಂಬರಿಗಳನ್ನು ಹತ್ತಾರು ಓದಿದವನಿಗೆ ನಗು ಬರದೆ ಇರದು. ನೀರೆಂದರೆ ಅಲ್ಲಿ ಹಂಸ ಇರಲೇಬೇಕು, ಬೆಟ್ಟವೆಂದರೆ ಚಿನ್ನ ಸಿಗಲೇಬೇಕು, ಕೀರ್ತಿ ಬೆಳ್ಳಗಿರಬೇಕು, ಚಕೋರ ಬೆಳದಿಂಗಳನ್ನೇ ಕುಡಿಯಬೇಕು.

ಡಯಾನಾ ವಿನ್ ಜೋನ್ಸ್ 1996ರಲ್ಲಿ ಬರೆದ 'ದಿ ಟಫ್ ಗೈಡ್ ಟು ಫ್ಯಾಂಟಸಿಲ್ಯಾಂಡ್' ಇಂಗ್ಲಿಷ್ ಫ್ಯಾಂಟಸಿಯ ಕವಿಸಮಯಕೋಶ. ಟಾಲ್ಕಿನ್‌ನ ನಂತರ ರಾಶಿರಾಶಿಯಾಗಿ ಬಂದ ಕಾದಂಬರಿಗಳ ಲೋಕವನ್ನು ಪ್ರವಾಸಿ ತಾಣವೆಂದು ಭಾವಿಸಿ, ಅಕಾರಾದಿಯಾಗಿ ಪ್ರವಾಸಿಗರಿಗೆ ಬರೆದ ಮಾರ್ಗದರ್ಶಿಯಂತೆ ಅದು ಇದೆ. ಅಲ್ಲಿ ಊಟಕ್ಕೆ ಸ್ಟ್ಯೂ ಬಿಟ್ಟರೆ ಬೇರೇನೂ ಸಿಗುವುದಿಲ್ಲ, ಬೇಯಲು ಗಂಟೆಗಟ್ಟಲೆ ಹಿಡಿಯುವ ಅದನ್ನು ದಣಿದ ಪಯಣಿಗರು ಯಾಕೆ ಬೇಯಿಸುತ್ತಾರೋ ಯಾರಿಗೂ ಗೊತ್ತಿಲ್ಲ. ಕುದುರೆಗಳಿಗೆ ಆಯಾಸವಿಲ್ಲ, ಲಾಳ ಕಳಚುವುದಿಲ್ಲ, ಮರಿ ಹಾಕುವುದನ್ನಂತೂ ಯಾರೂ ಕಂಡಿಲ್ಲ. ಬಹುಶಃ ಪರಾಗಸ್ಪರ್ಶದಿಂದ ಹುಟ್ಟುತ್ತವೆ. ಹೇಗೆ ಬರೆಯಬೇಕು ಎಂದು ಈ ಪುಸ್ತಕ ಒಂದು ಮಾತೂ ಹೇಳುವುದಿಲ್ಲ. ಆದರೂ ಹೊಸ ಫ್ಯಾಂಟಸಿ ಲೇಖಕನಿಗೆ ಇದಕ್ಕಿಂತ ಪ್ರಯೋಜನಕಾರಿ ಕೈಪಿಡಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತಾನು ಕಲ್ಪಿಸಿದ್ದು ಎಂದುಕೊಂಡ ಎಷ್ಟೋ ಸಂಗತಿಗಳು ಬರೀ ನೆನಪಿನಿಂದ ಎತ್ತಿದವು ಎಂದು ಅದು ಮುಖಕ್ಕೆ ಹಿಡಿದು ತೋರಿಸುತ್ತದೆ. ಜೋನ್ಸ್ ತಾನೇ ಎರಡು ವರ್ಷದ ನಂತರ ಇದೇ ಸರಕನ್ನು ತಿರುಗಿಸಿ ಒಳ್ಳೆಯ ಕಾದಂಬರಿ ಮಾಡಿದಳು; ಅದರಲ್ಲಿ ಒಂದು ಇಡೀ ಮಾಯಾಲೋಕ ಪ್ರವಾಸೋದ್ಯಮದ ಕೈಗೆ ಸಿಕ್ಕಿ ನರಳುತ್ತಿರುತ್ತದೆ.

ಲೋಕ ಕಟ್ಟುವ ಕೆಲಸವನ್ನು ಗಣಿತದಿಂದ ಮಾಡುವವರ ಪರಂಪರೆ ಬೇರೆ. ಹಾಲ್ ಕ್ಲೆಮೆಂಟ್ 1953ರಲ್ಲಿ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ತನ್ನ 'ಮಿಷನ್ ಆಫ್ ಗ್ರ್ಯಾವಿಟಿ' ಕಾದಂಬರಿಯ ಮೆಸ್ಕ್ಲಿನ್ ಗ್ರಹವನ್ನು ಹೇಗೆ ಲೆಕ್ಕ ಹಾಕಿ ತಯಾರಿಸಿದೆ ಎಂಬ ಪ್ರಬಂಧ ಬರೆದ. ಬಿಲ್ಲೆಯಂತೆ ಚಪ್ಪಟೆಯಾಗಿ, ಸುಮಾರು 18 ನಿಮಿಷಕ್ಕೊಮ್ಮೆ ಗಿರ್ರನೆ ತಿರುಗುವ ಗ್ರಹ ಅದು. ಸಮಭಾಜಕದಲ್ಲಿ ಭೂಮಿಯ 3 ಪಟ್ಟು ಗುರುತ್ವ, ಧ್ರುವಗಳಲ್ಲಿ ನೂರಾರು ಪಟ್ಟು. ಲೇಖಕ ಲೆಕ್ಕ ಮಾಡುತ್ತಾನೆ, ಓದುಗ ತಪ್ಪು ಹುಡುಕುತ್ತಾನೆ, ಇದು ಇಬ್ಬರ ನಡುವಿನ ಆಟ ಎನ್ನುವುದು ಅವನ ನಿಲುವು. ಮುಂದೆ ಪೋಲ್ ಆಂಡರ್ಸನ್, ಸ್ಟೀಫನ್ ಗಿಲೆಟ್ ಮೊದಲಾದವರು ಇದೇ ದಾರಿಯಲ್ಲಿ ನಕ್ಷತ್ರದ ಬಣ್ಣದಿಂದ ಹಿಡಿದು ಗಾಳಿಯ ಒತ್ತಡದವರೆಗೆ ಲೆಕ್ಕ ಹಾಕುವ ವಿಧಾನಗಳನ್ನು ಬರೆದರು. ಗಿಲೆಟ್‌ನ ಪುಸ್ತಕ ಕನ್ನಡ ಲೇಖಕನ ಮೇಜಿನ ಮೇಲಿದ್ದರೆ ತಪ್ಪೇನಿಲ್ಲ, ಅದನ್ನು ಕಾದಂಬರಿಯಂತೆ ಓದಲು ಮಾತ್ರ ಹೋಗಬಾರದು.

ಮೆಸ್ಕ್ಲಿನ್ ಈಗಲೂ ನೆನಪಿನಲ್ಲಿರುವುದು ಆ ಅಂಕಿಗಳಿಂದಲ್ಲ. ಅಲ್ಲಿನ ಜೀವಿಗಳು ಚಿಕ್ಕವು, ಶತಪದಿಯಂಥವು. ಆ ಗುರುತ್ವದಲ್ಲಿ ಕೆಲವೇ ಅಂಗುಲ ಎತ್ತರದಿಂದ ಬಿದ್ದರೂ ಸಾವು. ಆದ್ದರಿಂದ ಎತ್ತರ ಅವಕ್ಕೆ ಭಯ, ತಲೆಯ ಮೇಲೆ ಏನಾದರೂ ಇದ್ದರೆ ಇನ್ನೂ ಭಯ, ವಸ್ತುವನ್ನು ಎಸೆಯುವುದು ಎಂಬ ಕಲ್ಪನೆಯೇ ಹೊಸದು. ನಾವಿಕನಾದ ಬಾರ್ಲೆನ್ನನ್ ನಡುಗುತ್ತ ನಡುಗುತ್ತ ಆ ಭಯಗಳನ್ನು ಒಂದೊಂದಾಗಿ ಮೀರುವುದೇ ಕಾದಂಬರಿಯ ಜೀವ. ಗುರುತ್ವದ ಅಂಕಿ ಭಯವಾಗಿ ಬದಲಾದ ಕ್ಷಣದಲ್ಲಿ ಕಥೆ ಹುಟ್ಟಿತು. ಆ ಬದಲಾವಣೆಯನ್ನು ಲೆಕ್ಕದ ಕೈಪಿಡಿಗಳು ಕಲಿಸುವುದಿಲ್ಲ, ಕ್ಲೆಮೆಂಟ್‌ನ ಪ್ರಬಂಧವೂ ಕಲಿಸುವುದಿಲ್ಲ. ಲೋಕನಿರ್ಮಾಣದ ಗೀಳನ್ನೇ ಬ್ರಿಟಿಷ್ ಲೇಖಕ ಎಂ. ಜಾನ್ ಹ್ಯಾರಿಸನ್ 2007ರಲ್ಲಿ ಖಾರವಾಗಿ ಖಂಡಿಸಿದ. ಇಲ್ಲದ ಜಾಗವನ್ನು ಸಮಗ್ರವಾಗಿ ಸರ್ವೆ ಮಾಡುವುದು ಬರವಣಿಗೆಯ ಕೆಲಸವಲ್ಲ ಎಂಬುದು ಅವನ ವಾದದ ತಿರುಳು. ಅವನು ಸ್ವಲ್ಪ ಹೆಚ್ಚೇ ಹೇಳಿದ. ಬಾರ್ಲೆನ್ನನ್‌ನ ಭಯ ಹುಟ್ಟಬೇಕಾದರೆ ಯಾರಾದರೂ ಆ ಲೆಕ್ಕವನ್ನು ಮಾಡಲೇಬೇಕಿತ್ತು.

ಉರ್ಸುಲಾ ಲೆಗ್ವಿನ್ ಇವರೆಲ್ಲರಿಗಿಂತ ಬೇರೆ ಕಡೆಯಿಂದ ಬರುತ್ತಾಳೆ. 1973ರ 'ಫ್ರಮ್ ಎಲ್ಫ್‌ಲ್ಯಾಂಡ್ ಟು ಪೊಕಿಪ್ಸಿ' ಪ್ರಬಂಧದಲ್ಲಿ ಆಕೆ ಮಾಡುವ ಶಸ್ತ್ರಕ್ರಿಯೆ ಕ್ರೂರವಾದರೂ ನ್ಯಾಯವಾದದ್ದು. ಕ್ಯಾಥರೀನ್ ಕರ್ಟ್ಜ್‌ಳ ಫ್ಯಾಂಟಸಿ ಕಾದಂಬರಿಯಿಂದ ಒಂದು ಸಂಭಾಷಣೆ ಎತ್ತಿಕೊಂಡು ಕೆಲವೇ ಹೆಸರುಗಳನ್ನು ಬದಲಿಸುತ್ತಾಳೆ. ರಾಜಮನೆತನದ ಗಣ್ಯರು ವಾಷಿಂಗ್ಟನ್ನಿನ ರಾಜಕಾರಣಿಗಳಾಗಿಬಿಡುತ್ತಾರೆ, ಒಂದು ಹೊಲಿಗೆಯೂ ಬಿಚ್ಚುವುದಿಲ್ಲ. ಹಾಗಾದರೆ ಅದು ಮಾಯಾಲೋಕವಾಗಿದ್ದದ್ದು ಯಾವಾಗ? ಫ್ಯಾಂಟಸಿಯಲ್ಲಿ ಲೋಕವೇ ಶೈಲಿಯಿಂದ ಆಗಿರುತ್ತದೆ, ಶೈಲಿ ಹೋದರೆ ಲೋಕವೂ ಹೋಯಿತು ಎನ್ನುವುದು ಆಕೆಯ ವಾದ.

ಈ ಪರೀಕ್ಷೆಯನ್ನು ನಮ್ಮ ಪೌರಾಣಿಕ ಧಾರಾವಾಹಿಗಳ ಮೇಲೆ ಮಾಡಿದರೆ ಉಲ್ಟಾ ಫಲಿತಾಂಶ ಬರುತ್ತದೆ. ಅಲ್ಲಿ 'ಪ್ರಭು', 'ಅಪ್ಪಣೆ' ಬಿಟ್ಟು ಬೇರೆ ಉಸಿರಿಲ್ಲ. ಹಳೆಯದೆಂದು ಕಾಣಲು ಮಾತು ಸತ್ತಂತೆ ನಿಲ್ಲುತ್ತದೆ. ಎತ್ತರದ ಮಾತು ಜೀವಂತವಾಗಿರುವುದನ್ನು ಕೇಳಬೇಕಾದರೆ ಕರಾವಳಿಯ ತಾಳಮದ್ದಳೆಗೆ ಹೋಗಬೇಕು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕರ್ಣ ಮತ್ತು ಶಲ್ಯರು ಮೊದಲೇ ಬರೆದಿಟ್ಟುಕೊಳ್ಳದ ಮಾತಿನಲ್ಲಿ ಗಂಟೆಗಟ್ಟಲೆ ಜಗಳವಾಡುತ್ತಾರೆ. ಆ ಮಾತು ಗ್ರಾಂಥಿಕ, ಆದರೂ ತಕರಾರು ಇವತ್ತಿನದು, ವ್ಯಂಗ್ಯ ಎದುರಿಗಿರುವವನನ್ನು ನೇರವಾಗಿ ಚುಚ್ಚುತ್ತದೆ. ಕನ್ನಡದ ಫ್ಯಾಂಟಸಿ ಬರೆಯುವವನಿಗೆ ಸಂಭಾಷಣೆಯ ಪಾಠ ಒಂದು ರಾತ್ರಿಯ ಈ ಪ್ರಸಂಗದಲ್ಲಿ ಸಿಗುವಷ್ಟು ಯಾವ ಇಂಗ್ಲಿಷ್ ಕೈಪಿಡಿಯಲ್ಲೂ ಸಿಗುವುದಿಲ್ಲ.

ಆಮೇಲೆ ಲೆಗ್ವಿನ್‌ಳದೇ 'ಸ್ಟೀರಿಂಗ್ ದಿ ಕ್ರಾಫ್ಟ್' ಇದೆ. 1998ರದ್ದು, 2015ರಲ್ಲಿ ಪರಿಷ್ಕೃತ. ಈ ಪ್ರಕಾರದ ಅತಿ ದೊಡ್ಡ ಹೆಸರುಗಳಲ್ಲೊಂದು ಬರೆದ ಕೈಪಿಡಿಯಲ್ಲಿ ಗ್ರಹಗಳ ಬಗ್ಗೆಯೂ ಡ್ರ್ಯಾಗನ್‌ಗಳ ಬಗ್ಗೆಯೂ ಹೆಚ್ಚೇನಿಲ್ಲ. ಇರುವುದು ವಾಕ್ಯದ ನಾದ, ವಿರಾಮಚಿಹ್ನೆ, ಪುನರುಕ್ತಿ, ದೃಷ್ಟಿಕೋನ. ಪ್ರತಿ ಅಧ್ಯಾಯಕ್ಕೂ ಅಭ್ಯಾಸಗಳುಂಟು. ಒಂದರಲ್ಲಿ ಗುಣವಾಚಕ, ಕ್ರಿಯಾವಿಶೇಷಣಗಳನ್ನೇ ಬಳಸದೆ ಒಂದು ಪುಟ ಬರೆಯಬೇಕು. ಕನ್ನಡದಲ್ಲಿ ಇದನ್ನು ಇದ್ದಹಾಗೆ ಮಾಡಹೊರಟರೆ ಕೆಲಸ ಕೆಡುತ್ತದೆ. 'ಸೋರುವ ಮಾಡು', 'ಬೆಂದ ಅನ್ನ' ಎಂಬಲ್ಲಿ ಕ್ರಿಯೆಯೇ ವಿಶೇಷಣದ ಕೆಲಸ ಮಾಡುತ್ತಿರುತ್ತದೆ. ಅವನ್ನು ಕಿತ್ತರೆ ಭಾಷೆಯ ಬೆನ್ನುಮೂಳೆಯೇ ಹೋಗುತ್ತದೆ. ನಮಗೆ ಬೇಕಾದ ನಿಷೇಧ 'ವಾದ' ಮತ್ತು 'ವಾಗಿ'ಗಳದ್ದು. ಭಯಾನಕವಾದ ಗುಹೆ, ಅದ್ಭುತವಾದ ಬೆಳಕು, ನಿಗೂಢವಾಗಿ ನಕ್ಕ ಮಾಂತ್ರಿಕ. ಈ ಎರಡು ಬಾಲಗಳನ್ನು ಕತ್ತರಿಸಿ ಒಂದು ಪುಟ ಬರೆದರೆ ಗುಹೆಯಲ್ಲಿ ನಿಜಕ್ಕೂ ಏನಿತ್ತು ಎಂದು ಲೇಖಕ ನೋಡಲೇಬೇಕಾಗುತ್ತದೆ. ಹೀಗೆ ಬದಲಿಸಿಕೊಳ್ಳಲು ಎಡೆಯಿರುವುದೇ ಈ ಪುಸ್ತಕದ ಹೆಚ್ಚುಗಾರಿಕೆ. ಕಾರ್ಡ್‌ನ ಸೂತ್ರಗಳಿಗೆ ಆ ಬಾಗುವ ಗುಣವಿಲ್ಲ.

ಜೆಫ್ ವಾಂಡರ್‌ಮೀರ್‌ನ 'ವಂಡರ್‌ಬುಕ್' (2013) ಬಣ್ಣಬಣ್ಣದ ಚಿತ್ರಗಳ ದೊಡ್ಡ ಗ್ರಂಥ. ನೋಡಲು ಹಬ್ಬ. ಲೆಗ್ವಿನ್, ಗೇಮನ್, ಜಾರ್ಜ್ ಮಾರ್ಟಿನ್ ಮೊದಲಾದವರ ಮಾತುಗಳೂ ಇವೆ. ಬರೆಯಲು ಉಮೇದು ಹುಟ್ಟಿಸುತ್ತದೆ. ಪುಟ ತಿರುಗಿಸುತ್ತ ಬರೆಯುವುದನ್ನು ಮರೆಸುವುದೂ ಉಂಟು.

ಕೊನೆಗೆ ನಿಸಿ ಶಾಲ್ ಮತ್ತು ಸಿಂಥಿಯಾ ವಾರ್ಡ್ 2005ರಲ್ಲಿ ಪ್ರಕಟಿಸಿದ 'ರೈಟಿಂಗ್ ದಿ ಅದರ್' ಎಂಬ ತೆಳ್ಳಗಿನ ಪುಸ್ತಕ. ಬೇರೆ ಜನಾಂಗದವರ ಬಗ್ಗೆ ಬರೆದು ತಪ್ಪು ಮಾಡುವುದಕ್ಕಿಂತ ಬರೆಯದಿರುವುದೇ ಮೇಲು ಎಂದು ಕಮ್ಮಟವೊಂದರಲ್ಲಿ ಸಹಪಾಠಿಯೊಬ್ಬರು ಆಡಿದ ಮಾತಿನಿಂದ ಹುಟ್ಟಿದ್ದು ಇದು. ಏನನ್ನೂ ಹೇಳದಿದ್ದಾಗ ಓದುಗ ಪಾತ್ರವನ್ನು ತನ್ನ ಸಮಾಜದ 'ಸಾಮಾನ್ಯ' ಮನುಷ್ಯನೆಂದೇ ಊಹಿಸಿಕೊಳ್ಳುತ್ತಾನೆ ಎಂಬ ಮಾತನ್ನು ಲೇಖಕರು ಚೆನ್ನಾಗಿ ಮನಗಾಣಿಸುತ್ತಾರೆ. ಅಂಥ ಊಹೆಗಳನ್ನು ಗುರುತಿಸಲು ಆರು ಬಗೆಯ ಭೇದಗಳ ಪಟ್ಟಿ ಕೊಡುತ್ತಾರೆ: ಜನಾಂಗ, ಲೈಂಗಿಕ ಒಲವು, ದೈಹಿಕ ಸಾಮರ್ಥ್ಯ, ವಯಸ್ಸು, ಧರ್ಮ, ಲಿಂಗ. ಅಮೆರಿಕದ ಪಟ್ಟಿ. ಜಾತಿ ಇಲ್ಲ.

ನಮಗೆ ಈ ಪುಸ್ತಕ ಹೆಚ್ಚು ಬೇಕಾಗುವುದು ಆ ಖಾಲಿ ಜಾಗದಿಂದಲೇ. ನೂರಾರು ವರ್ಷದ ಪಯಣಕ್ಕೆ ಹೊರಟ ಅಂತರಿಕ್ಷ ನೌಕೆಯ ಕಥೆಯನ್ನು ಕನ್ನಡದಲ್ಲಿ ಬರೆಯುವಾಗ ಹೊಟ್ಟೆಗೆ ಏನು, ಉಸಿರಾಟಕ್ಕೆ ಗಾಳಿ ಎಲ್ಲಿಂದ, ಬಳಸಿದ ನೀರನ್ನು ಮತ್ತೆ ಹೇಗೆ ಶುದ್ಧ ಮಾಡುತ್ತಾರೆ ಎಂಬುದನ್ನೆಲ್ಲ ಗಿಲೆಟ್‌ನಂಥವರ ನೆರವಿನಿಂದ ಲೆಕ್ಕ ಹಾಕಬಹುದು. ಆ ನೀರಿನ ಶೋಧಕದ ಕೆಸರು ತೆಗೆಯುವವರು ಯಾರು, ಮೂರನೆಯ ತಲೆಮಾರಿನಲ್ಲೂ ಅದನ್ನು ತೆಗೆಯುತ್ತಿರುವುದು ಅವರ ಮೊಮ್ಮಕ್ಕಳೇ, ಊಟದ ಸಾಲಿನಲ್ಲಿ ಅವರ ಪಕ್ಕ ಯಾರು ಕೂರುತ್ತಾರೆ ಎಂಬುದು ಕಥೆಯಲ್ಲಿ ಬಾರದಿದ್ದರೆ, ಕ್ಯಾಪ್ಟನ್ನನ ಹೆಸರೊಂದರಿಂದಲೇ ಕನ್ನಡದ ಓದುಗ ಉಳಿದದ್ದನ್ನೆಲ್ಲ ಊಹಿಸಿಕೊಂಡುಬಿಡುತ್ತಾನೆ. ಶಾಲ್ ಮತ್ತು ವಾರ್ಡ್ ಕೊಟ್ಟ ಅಭ್ಯಾಸಗಳು ಇಲ್ಲಿಗೂ ಸರಿಯಾಗಿ ಹೊಂದುತ್ತವೆ, ಪಟ್ಟಿಗೆ ಏಳನೆಯದನ್ನು ನಾವೇ ಸೇರಿಸಿಕೊಳ್ಳಬೇಕು ಅಷ್ಟೆ.