ಕಳ್ಳಹೆಜ್ಜೆಯ ರಸ

ಕಂಪ್ಯೂಟರಿನ ಆಟಕ್ಕೂ ರಸವಿಚಾರಕ್ಕೂ ಎತ್ತಣ ಸಂಬಂಧವೆಂದು ವಾಚಕರು ಹುಬ್ಬೇರಿಸಬಹುದು. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕವನ್ನು ಅವರು ನೆನೆಯಲಿ. ಶರ್ವಿಲಕನು ಜನಿವಾರದಿಂದ ಕನ್ನದ ಅಳತೆ ಹಿಡಿಯುವನು. ಕದವು ಸದ್ದು ಮಾಡದಂತೆ ನೀರೆರೆಯುವನು. ಕೀಟವೊಂದನ್ನು ಬಿಟ್ಟು ದೀಪವನ್ನಾರಿಸುವನು. ಕದ್ದ ಒಡವೆಗಿಂತ ಈ ಎಚ್ಚರಿಕೆಯೇ ಸಹೃದಯನನ್ನು ಹಿಡಿದು ನಿಲ್ಲಿಸುವದು.

1998ರಲ್ಲಿ ಅಮೇರಿಕೆಯ ಲುಕಿಂಗ್ ಗ್ಲಾಸ್ ಸಂಸ್ಥೆಯವರು ಹೊರತಂದ ‘ಥೀಫ್’ ಎಂಬ ಆಟವನ್ನು ಗಬ್ಬೂರಿನ ನಮ್ಮ ಮನೆಯಲ್ಲಿ ಮೊಮ್ಮಗನು ಆಡುವಾಗ ಬದಿಗೆ ಕುಳಿತು ನೋಡಿದ್ದೇನೆ. ಅದರಲ್ಲಿಯೂ ನೀರಿನ ಬಾಣದಿಂದ ಪಂಜು ಆರುವದು. ಜಮಖಾನೆಯ ಮೇಲೆ ಅಡಗಿದ ಹೆಜ್ಜೆಯ ಸಪ್ಪಳ ಕಲ್ಲಿನ ಮೇಲೆ ಕೇಳಿಸುವದು. ಆಡುವವನು ಎಷ್ಟು ಬೆಳಕಿನಲ್ಲಿರುವನೆಂಬುದನ್ನು ಪರದೆಯ ಕೆಳಗಿನ ಮಣಿಯೊಂದು ತಿಳಿಸುವದು. ಕಾವಲುಗಾರನಾದರೂ ಒಮ್ಮೆಲೇ ಕತ್ತಿ ಹಿರಿಯನು. ಸಂಶಯಪಟ್ಟು ಗೊಣಗುವನು, ಹುಡುಕುವನು, ಏನೂ ಕಾಣದೆ ಮರಳುವನು. ಆ ಸಂಶಯದ ಅರೆಗಳಿಗೆಯೇ ಆಟದ ಜೀವಾಳ. ಸಿಕ್ಕಿಬಿದ್ದರೆ ತಪ್ಪು ತನ್ನದೇ ಎಂದು ಆಡುವವನಿಗೆ ತೋರಬೇಕು. ಕಾರಣವಿಲ್ಲದೆ ಕಾವಲುಗಾರನು ಗೋಡೆಯಾಚೆಯಿಂದಲೇ ಕಂಡುಬಿಟ್ಟರೆ ಅಲ್ಲಿಗೆ ರಸಭಂಗ.

ಅತಿ ಕಠಿಣವಾದ ಮಟ್ಟದಲ್ಲಿ ಈ ಆಟವು ಮನುಷ್ಯರನ್ನು ಕೊಲ್ಲುವದನ್ನೇ ನಿಷೇಧಿಸುವದು. ಇದನ್ನು ನೀತಿಬೋಧೆಯೆಂದು ಹೊಗಳುವವರು ಹೊಗಳಲಿ. ನನಗಂತೂ ಇದು ಶುದ್ಧ ಕಲಾವಿವೇಕವಾಗಿ ಕಾಣುವದು. ಎದುರಾದವರನ್ನೆಲ್ಲ ಕಡಿದು ಸಾಗಬಹುದಾದರೆ ಕತ್ತಲೆಗೆ ಬೆಲೆಯೆಲ್ಲಿ? ಕಾವಲುಗಾರರೆಲ್ಲ ಸತ್ತ ಮನೆಯಲ್ಲಿ ಮೆಲ್ಲಗೆ ನಡೆಯಲು ಯಾರಿಗೆ ಮನಸ್ಸಾದೀತು? ಗೋರಿಗಳಿಂದ ಹೆಣಗಳೆದ್ದು ಬರುವ ಅಧ್ಯಾಯಗಳು ಮಾತ್ರ ನನಗೆ ರುಚಿಸಲಿಲ್ಲ. ಅಲ್ಲಿ ಭಯಾನಕವು ಮೇಲಾಗಿ, ಹೊಂಚುವ ಚಾತುರ್ಯವು ಹಿಂದೆ ಸರಿಯುವದು.